ಚಕ್ ಬಿಚ್ಚಿದ ಮೇಲೆ ಅಳೆ

ನೋಡು ಮರಿ, ಇವತ್ತು ನಿನ್ನ ಕೈಗೆ ತೆಳು ಪೈಪಿನ ಜಾಬ್ ಬಂದಿದೆ. ಐಟಿಐ ಮುಗಿಸಿ ಪೀಣ್ಯಕ್ಕೆ ಬರುವ ಹುಡುಗರ ಕೈ ಪಳಗಿರುವುದು ಗಟ್ಟಿ ರಾಡಿನ ಮೇಲೆ. ಲೇತಿನ ಚಕ್ ಎಷ್ಟು ಬಿಗಿದರೂ ರಾಡ್ ತಡೆದುಕೊಳ್ಳುತ್ತದೆ. ಪೈಪಿನ ಹೊಟ್ಟೆ ಖಾಲಿ, ಅದು ಬಿಗಿದ ಕಡೆಗೆಲ್ಲ ಬಾಗುತ್ತದೆ.

ನಾನು ನಿನ್ನ ವಯಸ್ಸಿನಲ್ಲಿದ್ದಾಗ 50 ಮಿ.ಮೀ. ಹಿತ್ತಾಳೆ ಪೈಪು ಕೊಟ್ಟಿದ್ದರು. ಗೋಡೆ ಬರೀ 1.5 ಮಿ.ಮೀ. ಚಕ್ಕಿನ ಮೂರು ಜಾಗಳನ್ನು, ಅಂದರೆ ದವಡೆಗಳನ್ನು, ಒಳಗಿನಿಂದ ಹಿಗ್ಗಿಸಿ ಬಿಗಿಯಾಗಿ ಹಿಡಿದು ಹೊರಮೈ ಟರ್ನ್ ಮಾಡಿದೆ. ಚಕ್ಕಿನಲ್ಲಿದ್ದಾಗ ಡಯಲ್ ಮುಳ್ಳು ಅಲುಗಲಿಲ್ಲ. ಬಿಚ್ಚಿ ವರ್ನಿಯರ್ ಹಿಡಿದೆ, ಎಲ್ಲ ಕಡೆಗೂ ಒಂದೇ ಅಳತೆ. ಸಂಜೆ ಅಸೆಂಬ್ಲಿಯವರು ಬಂದು, ಒಂದು ಪೀಸೂ ತೂತಿನಲ್ಲಿ ಕೂರುತ್ತಿಲ್ಲ ಅಂದರು.

ಮೇಸ್ತ್ರಿ ಬೈಯಲಿಲ್ಲ. ಒಂದು ಪೀಸನ್ನು ವಿ-ಬ್ಲಾಕಿನ ಮೇಲಿಟ್ಟು, ಡಯಲ್ ಮುಟ್ಟಿಸಿ ನಿಧಾನವಾಗಿ ತಿರುಗಿಸಿದರು. ಒಂದು ಸುತ್ತಿಗೆ ಮುಳ್ಳು ಮೂರು ಸಲ ಏರಿ ಇಳಿಯಿತು. ಜಾ ಒತ್ತಿದ ಜಾಗ ಹೊರಗೆ ಉಬ್ಬಿತ್ತು, ಟೂಲ್ ಅದನ್ನು ಸವರಿ ದುಂಡಗೆ ಮಾಡಿತ್ತು. ಹಿಡಿತ ಬಿಟ್ಟ ಕೂಡಲೇ ಆ ಜಾಗಗಳು ತಗ್ಗಿಗೆ ಇಳಿದಿದ್ದವು. ಮೂರು ಉಬ್ಬಿನ ಆಕಾರದಲ್ಲಿ ಪ್ರತಿ ಉಬ್ಬಿನ ಎದುರಿಗೂ ಒಂದು ತಗ್ಗು ಇರುತ್ತದೆ. ಎರಡು ಕಡೆಯಿಂದ ಮಾತ್ರ ಹಿಡಿಯುವ ವರ್ನಿಯರ್‌ಗೆ ಅದು ಕಾಣುವುದೇ ಇಲ್ಲ.

ಆದ್ದರಿಂದ ಹಿಡಿತವನ್ನು ಪೈಪಿನ ಸುತ್ತ ಹಂಚು. ಹೊರಗಿನಿಂದ ಹಿಡಿಯುವುದಾದರೆ ಸಾಫ್ಟ್ ಜಾಗಳನ್ನು ಪೈಪಿನ ಅಳತೆಗೇ ಬೋರ್ ಮಾಡಿಕೋ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಒಂದು ಕಡೆ ಸೀಳಿದ ಬುಷ್ ತೊಡಿಸು. ಜಾ ಕೂರುವ ಜಾಗಕ್ಕೆ ಒಳಗಿನಿಂದ ಪ್ಲಗ್ ಕೊಡು. ಪ್ಲಗ್ ಕೈಯಿಂದ ಒತ್ತಿದರೆ ಹೋಗಬೇಕು, ತಾನಾಗಿ ಜಾರಿ ಬೀಳಬಾರದು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಗೋಡೆ ಅಲ್ಲೇ ಉಬ್ಬುತ್ತದೆ.

ಬೇಕಾದ ಉದ್ದಕ್ಕೆ ತುಂಡು ಮಾಡುವಾಗ ಮರದ ಪ್ಲಗ್ಗನ್ನು ಕತ್ತರಿಸುವ ಗೆರೆ ದಾಟುವಷ್ಟು ಒಳಗೆ ತಳ್ಳು. ಟೂಲ್ ಗೋಡೆ ದಾಟಿ ಮರಕ್ಕೆ ತಾಗುತ್ತದೆ. ಪೈಪು ಕಿರುಗುಟ್ಟುವುದಿಲ್ಲ, ತುಂಡಾದ ಪೀಸ್ ಹಾರದೆ ಮರದ ಮೇಲೇ ಉಳಿಯುತ್ತದೆ. ಅದನ್ನು ಹಿಡಿಯಲು ಕೈ ಚಾಚಬೇಡ, ಮೆಷಿನ್ ನಿಲ್ಲಲಿ. ಕಟ್ ಚಕ್ಕಿಗೆ ಹತ್ತಿರವಿರಲಿ, ಟೂಲ್ ಹರಿತವಾಗಿ ಸೆಂಟರಿಗೆ ಸರಿಯಾಗಿರಲಿ. ಹಿತ್ತಾಳೆಗಾದರೆ ಟೂಲಿನ ಮೇಲ್ಮೈ ಸಮವಾಗಿರಲಿ, ಇಲ್ಲದಿದ್ದರೆ ಲೋಹವೇ ಟೂಲನ್ನು ಒಳಗೆಳೆದುಕೊಳ್ಳುತ್ತದೆ. ಸ್ಪಿಂಡಲ್ ಹಿಂದೆ ಪೈಪು ಉದ್ದಕ್ಕೆ ಚಾಚಿದ್ದರೆ ಅದಕ್ಕೂ ಆಸರೆ ಕೊಡು. ಬರೀ ಬಿಟ್ಟರೆ ವೇಗಕ್ಕೆ ಬಾಗಿ ಚಾಟಿಯಂತೆ ಬೀಸುತ್ತದೆ.

ಅಲ್ಯೂಮಿನಿಯಂ ಬಿಸಿಯಿದ್ದಾಗ ಅಳೆಯಬೇಡ. 100 ಮಿ.ಮೀ. ವ್ಯಾಸದ ಪೈಪು 20 ಡಿಗ್ರಿ ಕಾದರೆ ಸುಮಾರು 0.046 ಮಿ.ಮೀ. ಹಿಗ್ಗುತ್ತದೆ. ಆರಿದ ಮೇಲೆ ನಿನ್ನ ಪೀಸ್ ಅಷ್ಟು ಚಿಕ್ಕದು.

ಕೊನೆಯ ಕಟ್ಟಿಗೆ ಮುಂಚೆ ಚಕ್ ಸ್ವಲ್ಪ ಸಡಿಲಿಸು, ಪೈಪು ತನ್ನ ಆಕಾರಕ್ಕೆ ಮರಳಲಿ. ಮತ್ತೆ ಹಗುರವಾಗಿ ಹಿಡಿದು, ಸಣ್ಣ ಕಟ್ ಕೊಡು. ಚಕ್ಕಿನ ಕೀ ತೆಗೆದಿಟ್ಟ ಮೇಲೆಯೇ ಸ್ವಿಚ್ಚಿಗೆ ಕೈ ಹಾಕು.

ಮೇಸ್ತ್ರಿಯ ವಿ-ಬ್ಲಾಕ್ ಈಗ ನಿನ್ನ ಬೆಂಚಿನ ಮೇಲಿದೆ. ಮೊದಲ ಪೀಸ್ ಬಿಚ್ಚಿ ಅದರ ಮೇಲೆ ಒಂದು ಸುತ್ತು ತಿರುಗಿಸು. ಮುಳ್ಳು ಸುಮ್ಮನಿದ್ದರೆ ಎರಡನೆಯದನ್ನು ಕಟ್ಟು.