ಹೊಸ ಕಾಲದ ಸ್ಲೇಟು

ನನ್ನ ಕೈಹಿಡಿದು ಸ್ಲೇಟಿನ ಮೇಲೆ ಮೊದಲ ಅಕ್ಷರವನ್ನು ಬರೆಯಿಸಿದವಳು ನನ್ನ ಅಕ್ಕ. ನನಗಿಂತ ಹದಿನೈದು ವರ್ಷ ಹಿರಿಯಳಾದ ಆಕೆ ಏಳನೆಯ ತರಗತಿಯ ಆಚೆಗೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಕಲ್ಯಾಣಪುರದ ನಮ್ಮ ಮನೆಯಲ್ಲಿ ಓದಿನ ವಿಷಯಕ್ಕೆ ಆಕೆಯನ್ನು ಮೀರಿಸುವವರಿರಲಿಲ್ಲ. ಮಧ್ಯಾಹ್ನದ ಕೆಲಸ ಮುಗಿದು, ಸುವರ್ಣಾ ನದಿಯ ಕಡೆಯಿಂದ ಗಾಳಿ ಬೀಸತೊಡಗಿದೊಡನೆ ಜಗಲಿಯ ಕಂಬಕ್ಕೆ ಒರಗಿ ಕುಳಿತು ಪುಸ್ತಕ ತೆರೆಯುವುದು ಆಕೆಯ ನಿತ್ಯದ ವ್ರತವಾಗಿತ್ತು.

ಎಂಬತ್ತು ದಾಟಿದ ಮೇಲೆ ಆ ವ್ರತಕ್ಕೆ ಭಂಗ ಬಂದಿತು. ಕಣ್ಣಿನ ಪೊರೆಯನ್ನು ತೆಗೆಸಿದ್ದಾಯಿತು. ಕನ್ನಡಕವನ್ನು ಎರಡು ಬಾರಿ ಬದಲಿಸಿದ್ದಾಯಿತು. ಅಕ್ಷಿಪಟಲವೇ ಸವೆದಿರುವುದರಿಂದ ಸಣ್ಣ ಅಕ್ಷರಗಳನ್ನು ಓದುವುದು ಇನ್ನು ಕಷ್ಟವೆಂದು ವೈದ್ಯರು ಹೇಳಿದರು. ಅಕ್ಕ ಏನೂ ಮಾತಾಡಲಿಲ್ಲ. ಮರುದಿನದಿಂದ ಪತ್ರಿಕೆಯನ್ನು ಮಡಚಿದಂತೆಯೇ ನನ್ನ ಮೇಜಿನ ಮೇಲೆ ಇಡತೊಡಗಿದಳು. ಓದುವವರು ಓದನ್ನು ಬಿಟ್ಟಾಗ ಮನೆಯಲ್ಲಿ ಎಂತಹ ಮೌನ ತುಂಬುತ್ತದೆ ಎಂಬುದನ್ನು ನಾನು ಆಗ ಅರಿತೆ.

ಅಕ್ಷರಗಳನ್ನು ಬೇಕಾದಷ್ಟು ದೊಡ್ಡದಾಗಿ ತೋರಿಸುವ ಟ್ಯಾಬ್ಲೆಟ್ ಎಂಬ ಹಲಗೆಯೊಂದು ಪೇಟೆಯಲ್ಲಿ ಸಿಗುತ್ತದೆಂದು ಕೇಳಿದ್ದೆ. ನಿವೃತ್ತಿವೇತನದ ಮಿತಿಯೊಳಗೆ ಬಾಳುವವನಾದುದರಿಂದ ಇದ್ದುದರಲ್ಲಿ ತೀರ ಅಗ್ಗವಾದುದನ್ನೇ ಕೊಂಡು ತಂದೆ. ಅಕ್ಕ ಅದನ್ನು ನಾಲ್ಕು ದಿನ ತಿರುಗಿಸಿ ನೋಡಿದಳು. ಐದನೆಯ ದಿನ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. "ಚೆನ್ನಾಗಿದೆ ಮಗೂ, ಆದರೆ ಒತ್ತಕ್ಷರ ಕಾಣುವುದಿಲ್ಲ" ಎಂದಷ್ಟೇ ಅಂದಳು. ನನ್ನ ಹಣ ಹೋದುದಕ್ಕಿಂತ ಆಕೆಯ ಆಸೆ ಹೋದುದು ನನಗೆ ಹೆಚ್ಚು ನೋವನ್ನುಂಟುಮಾಡಿತು.

ಈ ಸೋಲು ನನ್ನನ್ನು ವಿಚಾರಕ್ಕೆ ಹಚ್ಚಿತು. ಸಂತೆಗೆ ಹೋದಾಗ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ ಕೊಳ್ಳದ ನಾನು, ಸಾವಿರಾರು ರೂಪಾಯಿಯ ಯಂತ್ರವನ್ನು ಬೆಲೆಯ ಚೀಟಿಯೊಂದನ್ನೇ ನೋಡಿ ಕೊಂಡುದೇಕೆ? ಅಂದಿನಿಂದ ತಿಳಿದವರನ್ನು ಕೇಳಿ, ಅಳತೆಗೋಲನ್ನು ಹಿಡಿದು ಲೆಕ್ಕ ಹಾಕಿ ಕೆಲವು ಸಂಗತಿಗಳನ್ನು ಕಲಿತುಕೊಂಡೆ.

ಪುಸ್ತಕದಷ್ಟು ಹಗುರವಾದ, ಮಕ್ಕಳು ಕೈಯಲ್ಲಿ ಹಿಡಿದು ಓದಬಹುದಾದ ಗಣಕಯಂತ್ರದ ಕಲ್ಪನೆ ಹಳೆಯದು. ಅಮೆರಿಕದ ವಿಜ್ಞಾನಿ ಅಲನ್ ಕೇ 1972ರಲ್ಲಿಯೇ 'ಡೈನಾಬುಕ್' ಎಂಬ ಹೆಸರಿನಿಂದ ಅದನ್ನು ವರ್ಣಿಸಿದ್ದನು. ಆದರೆ ಅವನ ಕನಸಿಗೆ ತಕ್ಕ ಪರದೆಗಳೂ ಬ್ಯಾಟರಿಗಳೂ ಅಂದು ಇರಲಿಲ್ಲ. 2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದ ಮೇಲೆಯೇ ಟ್ಯಾಬ್ಲೆಟ್ಟುಗಳು ಜನಬಳಕೆಗೆ ಹರಡಿದುವು. ಮರುವರ್ಷ, ಎಂದರೆ 2011ರ ಅಕ್ಟೋಬರ್ ತಿಂಗಳಿನಲ್ಲಿ, ಭಾರತ ಸರಕಾರವು ವಿದ್ಯಾರ್ಥಿಗಳಿಗಾಗಿ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಲೋಕಾರ್ಪಣ ಮಾಡಿತು. ಉದ್ದೇಶ ಉದಾತ್ತವಾಗಿತ್ತು. ಆದರೆ ಅದರ ನೆನಪಿನ ಶಕ್ತಿ 256 ಎಂಬಿ ಮಾತ್ರ. ಪರದೆಯು ಬೆರಳ ಸ್ಪರ್ಶಕ್ಕೆ ಮಣಿಯದೆ ಒತ್ತಡವನ್ನು ಬೇಡುವಂತಹುದು. ಬಳಸಿದವರಿಗೆ ಅದು ನಿಧಾನವೆನಿಸಿತು. ಮುಂದಿನ ವರ್ಷವೇ ಹೆಚ್ಚು ಶಕ್ತಿಯ 'ಆಕಾಶ್ 2' ಬರಬೇಕಾಯಿತು. ಬೆಲೆ ಇಳಿದರೆ ಸಾಲದು, ಇಳಿದ ಬೆಲೆಯಲ್ಲಿಯೂ ಕೆಲಸ ನಡೆಯಬೇಕು ಎಂಬ ಪಾಠವನ್ನು ದೇಶವು ಕಲಿತಂತೆ ನಾನೂ ನನ್ನ ಮನೆಯಲ್ಲಿ ಕಲಿತೆ.

ಮೊದಲು ಅಳತೆಯ ವಿಚಾರ. ಟ್ಯಾಬ್ಲೆಟ್ಟಿನ ಗಾತ್ರವನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಡೆಮಿ ಅಷ್ಟದಳ ಆಕಾರದವು; ಅವುಗಳ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಹತ್ತು ಇಂಚಿನ ಸಾಮಾನ್ಯ ಟ್ಯಾಬ್ಲೆಟ್ಟಿನ ಪರದೆಯೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಅದನ್ನು ಅಡ್ಡಲಾಗಿ ಹಿಡಿದರೆ ಪುಟದ ಅಗಲ ಎಂಟೂವರೆ ಇಂಚಿಗೆ ಹಿಗ್ಗಿ, ಅಕ್ಷರಗಳು ಅಚ್ಚಿನ ಅಕ್ಷರಗಳಿಗಿಂತ ಒಂದೂವರೆ ಪಟ್ಟು ದೊಡ್ಡದಾಗುತ್ತವೆ. ನಾನು ತಂದಿದ್ದುದು ಏಳು ಇಂಚಿನದು. ಅದನ್ನು ಅಡ್ಡ ಹಿಡಿದರೂ ಅಗಲ ಆರು ಇಂಚನ್ನು ಮುಟ್ಟುವುದಿಲ್ಲ. ಪುಸ್ತಕದಲ್ಲಿ ಕಾಣದ ಅಕ್ಷರ ಅದರಲ್ಲಿ ಕಾಣುವುದಾದರೂ ಹೇಗೆ? ಬೆರಳಿನಿಂದ ಹಿಗ್ಗಿಸಬಹುದು ನಿಜ. ಆದರೆ ಪ್ರತಿಯೊಂದು ಸಾಲನ್ನೂ ಎಡಕ್ಕೂ ಬಲಕ್ಕೂ ಎಳೆಯುತ್ತ ಓದುವವರ ತಾಳ್ಮೆ ಒಂದು ಪುಟಕ್ಕೇ ಮುಗಿಯುತ್ತದೆ.

ಎರಡನೆಯದು ಪರದೆಯ ಸ್ಪಷ್ಟತೆ. ಪರದೆಯ ಮೇಲಿನ ಅಕ್ಷರಗಳು ಪಿಕ್ಸೆಲ್ ಎಂಬ ಬೆಳಕಿನ ಚುಕ್ಕಿಗಳಿಂದ ಆಗುತ್ತವೆ. ನಮ್ಮ ಹೆಂಗಸರು ಚುಕ್ಕಿಗಳನ್ನಿಟ್ಟು ರಂಗೋಲಿ ಹಾಕುವಂತೆ. ಹತ್ತು ಇಂಚಿನ ಪರದೆಯಲ್ಲಿ 1280ಕ್ಕೆ 800 ಚುಕ್ಕಿಗಳಿದ್ದರೆ ಒಂದು ಇಂಚಿಗೆ ಸುಮಾರು 150 ಚುಕ್ಕಿಗಳಾಗುತ್ತವೆ. 1920ಕ್ಕೆ 1200 ಇದ್ದರೆ ಸುಮಾರು 225. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವಂತಹವು. ಕಡಿಮೆ ಚುಕ್ಕಿಗಳಲ್ಲಿಯೂ ಹೇಗೋ ಗುರುತು ಸಿಗುತ್ತವೆ. ನಮ್ಮ ಕನ್ನಡವಾದರೋ ತಲೆಕಟ್ಟು, ಗುಣಿತ, ಕೆಳಗೆ ಒತ್ತಕ್ಷರ ಎಂದು ಮೂರು ಅಂತಸ್ತಿನ ಮನೆ. ಚುಕ್ಕಿಗಳು ವಿರಳವಾದರೆ ಕೆಳಗಿನ ಅಂತಸ್ತು ಮೊದಲು ಕುಸಿಯುತ್ತದೆ. 'ಚ್ಚ' ಯಾವುದು, 'ಚ್ಛ' ಯಾವುದು ಎಂಬುದು ತಿಳಿಯದಂತಾಗುತ್ತದೆ. ಆದುದರಿಂದ ಅನ್ಯಭಾಷೆಯವರಿಗೆ ಸಾಕೆನಿಸುವ ಪರದೆ ಕನ್ನಡ ಓದುಗನಿಗೆ ಸಾಲದೆ ಹೋಗಬಹುದು.

ಪುಸ್ತಕಗಳಲ್ಲಿಯೂ ಎರಡು ಬಗೆಗಳಿರುವುದನ್ನು ಇಲ್ಲಿ ಗಮನಿಸಬೇಕು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟಿನಂತಹ ಹಳೆಯ ಗ್ರಂಥಗಳು ಪುಟಗಳ ಚಿತ್ರಗಳಾಗಿ ದೊರೆಯುತ್ತವೆ. ಚಿತ್ರವಾದುದರಿಂದ ಪುಟವನ್ನು ಇಡಿಯಾಗಿ ಹಿಗ್ಗಿಸಬಹುದೇ ಹೊರತು ಸಾಲುಗಳನ್ನು ಹೊಸದಾಗಿ ಜೋಡಿಸಲಾಗದು. ಯುನಿಕೋಡ್ ಎಂಬ ಸಂಕೇತಕ್ರಮದಲ್ಲಿ ಬೆರಳಚ್ಚಾದ ಪುಸ್ತಕಗಳು ಹಾಗಲ್ಲ. ಅಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ತಾವೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಕಣ್ಣು ದಣಿದವರಿಗೆ ಯಂತ್ರವೇ ಗಟ್ಟಿಯಾಗಿ ಓದಿ ಹೇಳುವ ಅನುಕೂಲವೂ ಉಂಟು. ಹೊಸ ಪುಸ್ತಕಗಳನ್ನಷ್ಟೇ ಓದುವವರಿಗೆ ಎಂಟು ಇಂಚು ಸಾಕಾದೀತು; ಹಳೆಯ ಗ್ರಂಥಗಳ ಪ್ರಿಯರಿಗೆ ಹತ್ತು ಇಂಚು ಬೇಕು. ಓದುವುದೊಂದೇ ಗುರಿಯಾದರೆ, ಕಾಗದದಂತೆ ಹೊರಗಿನ ಬೆಳಕಿನಿಂದಲೇ ಕಾಣುವ 'ಇ–ಇಂಕ್' ಪರದೆಯ ಓದುಗಯಂತ್ರ ಕಣ್ಣಿಗೆ ಹಿತ. ಆದರೆ ಅದರ ಪರದೆ ಆರು ಇಂಚಿನಷ್ಟು ಚಿಕ್ಕದಾದರೆ ಹಳೆಯ ಪುಟ ಹಿಡಿಯದು, ಯಕ್ಷಗಾನವಂತೂ ಕುಣಿಯದು.

ಇನ್ನುಳಿದ ಅಂಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ಯಂತ್ರವು ಕೆಲಸ ಮಾಡುವಾಗ ಬಳಸುವ ನೆನಪು 4 ಜಿಬಿಗಿಂತಲೂ, ಪುಸ್ತಕ ಹಾಡುಗಳನ್ನಿಡುವ ಕಣಜ 64 ಜಿಬಿಗಿಂತಲೂ ಕಡಿಮೆಯಿರಬಾರದು. ಮೆಮೊರಿ ಕಾರ್ಡಿಗೆ ಎಡೆಯಿದ್ದರೆ ಕಣಜವನ್ನು ಮುಂದೆ ಬೆಳೆಸಿಕೊಳ್ಳಬಹುದು. ಮನೆಯಲ್ಲಿ ಮೊಬೈಲ್ ಫೋನಿದ್ದರೆ ಅದರಿಂದಲೇ ಅಂತರ್ಜಾಲವನ್ನು ಹಂಚಿಕೊಳ್ಳಬಹುದಾದುದರಿಂದ ಸಿಮ್ ಹಾಕುವ ದುಬಾರಿ ಮಾದರಿ ಬೇಕಾಗದು. ಚಲನಚಿತ್ರಗಳನ್ನು ನೋಡುವವರು 'ವೈಡ್‌ವೈನ್ ಎಲ್ 1' ಎಂಬ ಅನುಮತಿ ಆ ಮಾದರಿಗೆ ಇದೆಯೇ ಎಂದು ವಿಚಾರಿಸಬೇಕು. ಅದಿಲ್ಲದ ಯಂತ್ರದಲ್ಲಿ, ಪರದೆ ಎಷ್ಟೇ ಉತ್ತಮವಾಗಿರಲಿ, ಚಂದಾ ಕೊಟ್ಟು ನೋಡುವ ಹಲವು ಚಿತ್ರಗಳು ಮಸುಕಾಗಿಯೇ ಮೂಡುತ್ತವೆ. ತಯಾರಕರು ಎಷ್ಟು ವರ್ಷ ರಕ್ಷಣೆಯ ಪರಿಷ್ಕರಣಗಳನ್ನು ಕೊಡುವರು, ದುರಸ್ತಿಯ ಕೇಂದ್ರ ಉಡುಪಿ ಮಣಿಪಾಲಗಳಲ್ಲಿ ಉಂಟೋ ಅಥವಾ ಬೆಂಗಳೂರಿಗೇ ಕಳುಹಿಸಬೇಕೋ ಎಂಬುದನ್ನೂ ಕೇಳಬೇಕು. ಬಿಲ್ಲನ್ನು ಪಡೆದು ಜೋಪಾನವಾಗಿಡಬೇಕು. ನೆರಳುಬಟ್ಟೆ, ಬಣ್ಣದ ಲೇಖನಿ ಮುಂತಾದ ಉಡುಗೊರೆಗಳಿಗೆ ಮರುಳಾಗಬಾರದು.

ಇಷ್ಟನ್ನು ಕಲಿತ ಮೇಲೆ ಎರಡನೆಯ ಬಾರಿ ಅಂಗಡಿಗೆ ಹೊರಟಾಗ ಅಕ್ಕನನ್ನೂ ಕರೆದುಕೊಂಡು ಹೋದೆ. ಓದುವವರು ಮನೆಯಲ್ಲಿ, ಕೊಳ್ಳುವವರು ಅಂಗಡಿಯಲ್ಲಿ ಎಂದಾದುದೇ ಮೊದಲ ಬಾರಿಯ ತಪ್ಪಿಗೆ ಮೂಲವಾಗಿತ್ತು. ಹಿಂದೊಮ್ಮೆ ಅಚ್ಚಾಗಿದ್ದ ನನ್ನದೇ ಪ್ರಬಂಧದ ಒಂದು ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ಇಂದಿನ ಪೇಟೆಯಲ್ಲಿ ಸಾಧಾರಣ ದರ್ಜೆಯ ಹತ್ತು ಇಂಚಿನ ಟ್ಯಾಬ್ಲೆಟ್ಟುಗಳು ಸುಮಾರು 10,000ದಿಂದ 20,000 ರೂಪಾಯಿಗಳೊಳಗೆ ದೊರೆಯುತ್ತವೆ. ಅಂಗಡಿಯ ಹುಡುಗನು ಅಂತಹ ಮೂರನ್ನು ಸಾಲಾಗಿ ಇಟ್ಟು, ಮಿಂಚುವ ಬಣ್ಣದ ಚಿತ್ರಗಳನ್ನು ತೋರಿಸತೊಡಗಿದನು. ನಾನು ಅವನಿಗೆ ವಂದಿಸಿ, ನನ್ನ ಪುಟವನ್ನು ಮೂರರಲ್ಲಿಯೂ ತೆರೆಯಿಸಿದೆ.

ಮೊದಲನೆಯದನ್ನು ನೋಡಿ ಅಕ್ಕ ತಲೆಯಲ್ಲಾಡಿಸಿದಳು. ಅತ್ಯಂತ ಬೆಲೆಯುಳ್ಳ ಮೂರನೆಯದನ್ನು ಎತ್ತಿ, ಭಾರವೆಂದು ಕೆಳಗಿಟ್ಟಳು. ಎರಡನೆಯದನ್ನು ಅಡ್ಡಲಾಗಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ತುಟಿಗಳು ಅಲುಗತೊಡಗಿದುವು. ಮೂರು ಸಾಲು, ನಾಲ್ಕು ಸಾಲು ಸಾಗಿದಳು. ಥಟ್ಟನೆ ನಿಂತು, ಬೆರಳನ್ನು ಪರದೆಯ ಮೇಲೆ ಊರಿ, ನನ್ನ ಕಡೆಗೆ ತಿರುಗಿದಳು.

"ಇದೇನು? 'ಉಚ್ಚಾರಣೆ' ಎಂಬುದಕ್ಕೆ ಮಹಾಪ್ರಾಣದ ಒತ್ತು ಹಾಕಿದ್ದೀಯಲ್ಲ?"

ಆ ಪ್ರಬಂಧದ ಕರಡನ್ನು ತಿದ್ದಿದವನು ನಾನೇ. ಕನ್ನಡ ಎಂ.ಎ. ಮಾಡಿ, ಒಂದು ತಲೆಮಾರಿನ ಮಕ್ಕಳಿಗೆ ಕಾಗುಣಿತ ಕಲಿಸಿದವನ ತಪ್ಪು ಅಂಗಡಿಯ ನಡುವೆ ಹೊರಬಿದ್ದಿತ್ತು. ಆದರೆ ನನ್ನ ಬಾಳಿನಲ್ಲಿ ಯಾವ ಪ್ರಶಂಸೆಯೂ ಕೊಡದ ಸಂತೋಷವನ್ನು ಆ ಆಕ್ಷೇಪಣೆ ಕೊಟ್ಟಿತು. ಎರಡನೆಯದನ್ನೇ ಕೊಂಡೆವು.

ಈಗ ಅಕ್ಕನ ದಿನಚರಿ ಮತ್ತೆ ಮೊದಲಿನಂತಾಗಿದೆ. ಮಧ್ಯಾಹ್ನ ಓದು; ಸಂಜೆ ಆಕಾಶವಾಣಿಯ ಕಾರ್ಯಕ್ರಮ; ಒಮ್ಮೊಮ್ಮೆ ಯಕ್ಷಗಾನದ ಒಂದು ಪ್ರಸಂಗ. ನೆರೆಮನೆಯ ಹುಡುಗಿಯು 'ದೀಕ್ಷಾ' ಜಾಲದಿಂದ ತನ್ನ ಪಠ್ಯಪುಸ್ತಕಗಳನ್ನು ಅದರಲ್ಲಿ ಇಳಿಸಿಕೊಂಡು ಪಕ್ಕದಲ್ಲಿ ಕುಳಿತು ಓದುವುದುಂಟು. ವಿಕಿಸೋರ್ಸಿನಲ್ಲಿಯೂ ಭಾರತೀಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿಯೂ ನ್ಯಾಯವಾಗಿಯೇ, ಬೆಲೆಯಿಲ್ಲದೆ ದೊರೆಯುವ ಕನ್ನಡ ಗ್ರಂಥಗಳನ್ನು ಅವಳೇ ಹುಡುಕಿಕೊಟ್ಟಳು. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಬ್ಯಾಟರಿ ಕೆಲವು ಗಂಟೆ ಜೊತೆ ಕೊಡುತ್ತದೆ. ಹಾಗೆಂದು ಎಲ್ಲರೂ ಟ್ಯಾಬ್ಲೆಟ್ ಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ. ಕಣ್ಣು ಚೆನ್ನಾಗಿರುವವರಿಗೆ ಊರಿನ ಗ್ರಂಥಾಲಯದ ಕಾಗದದ ಪುಸ್ತಕಕ್ಕಿಂತ ಅಗ್ಗವಾದುದು ಬೇರೊಂದಿಲ್ಲ. ಕೊಳ್ಳುವುದಾದರೆ ಮಾತ್ರ, ಯಂತ್ರದಲ್ಲಿ ಏನೇನಿದೆ ಎಂದು ಕೇಳುವ ಮೊದಲು ಅದು ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಬಳಸದೆ ಕಪಾಟು ಸೇರಿದ ವಸ್ತು ಎಷ್ಟು ಕಡಿಮೆ ಬೆಲೆಯದಾದರೂ ದುಬಾರಿಯೇ ಸರಿ.

ನನ್ನ ಪ್ರಬಂಧದ ಉಳಿದ ಪುಟಗಳನ್ನು ಅಕ್ಕ ಮೊನ್ನೆ ಓದಿ ಮುಗಿಸಿದಳು. ಇನ್ನೂ ಎರಡು ತಪ್ಪುಗಳಿವೆಯಂತೆ.

ಅಭ್ಯಾಸ

1. ಲೇಖಕರು ಮೊದಲು ತಂದ ಟ್ಯಾಬ್ಲೆಟ್ಟು ಅಕ್ಕನಿಗೆ ಉಪಯೋಗವಾಗದಿರಲು ಕಾರಣವೇನು?
2. ಕನ್ನಡ ಲಿಪಿಯನ್ನು 'ಮೂರು ಅಂತಸ್ತಿನ ಮನೆ' ಎಂದು ಏಕೆ ಕರೆದಿದ್ದಾರೆ?
3. ಅಕ್ಕನ ಆಕ್ಷೇಪಣೆಯಿಂದ ಲೇಖಕರಿಗೆ ಸಂತೋಷವಾದುದೇಕೆ? ವಿವರಿಸಿರಿ.
4. ನಿಮ್ಮ ಮನೆಗೆ ಬೇಕಾದ ಒಂದು ವಸ್ತುವನ್ನು ಕೊಳ್ಳುವ ಮೊದಲು ನೀವು ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿರಿ.