ಗಣಕಯಂತ್ರದ ದುಡಿಮೆಯ ಲೆಕ್ಕ

ಏರುದಿಬ್ಬದಲ್ಲಿ ಲಾರಿಯೊಂದು ಏದುಸಿರು ಬಿಡುವುದನ್ನು ಕೇಳಿದವನಿಗೆ ಅದು ಹೊತ್ತಿರುವ ಹೊರೆಯ ಅಂದಾಜು ತಾನಾಗಿಯೇ ಸಿಗುತ್ತದೆ. ಗಣಕಯಂತ್ರದ ದುಡಿಮೆಯಾದರೋ ಕಣ್ಣಿಗಾಗಲಿ ಕಿವಿಗಾಗಲಿ ಸುಲಭವಾಗಿ ನಿಲುಕುವಂಥದಲ್ಲ. ಆದುದರಿಂದ ಯಂತ್ರವೇ ತನ್ನ ದುಡಿಮೆಯನ್ನು ಶೇಕಡಾ ಲೆಕ್ಕದಲ್ಲಿ ತೆರೆಯ ಮೇಲೆ ತೋರಿಸುವ ಏರ್ಪಾಡು ಬಂದಿದೆ. ಅಂಕಿಯನ್ನು ಓದುವುದು ಸುಲಭ. ಅದರ ಅರ್ಥವನ್ನು ಗ್ರಹಿಸುವುದು ಅಷ್ಟು ಸುಲಭವಲ್ಲ.

ಕಚೇರಿಯೊಂದರಲ್ಲಿ ವರ್ಷದ ಲೆಕ್ಕಪತ್ರವನ್ನು ಸಿದ್ಧಪಡಿಸುವ ಕೆಲಸವು ಒಂದು ಗಂಟೆಯಾದರೂ ಮುಗಿಯದೆ ಕುಂಟುತ್ತಿದೆ ಎಂದು ಭಾವಿಸಬಹುದು. ಪ್ರೊಸೆಸರ್ ಬಳಕೆ ಶೇಕಡಾ 25 ಎಂದು ತೆರೆಯು ಹೇಳುತ್ತದೆ. ಮುಕ್ಕಾಲು ಪಾಲು ಶಕ್ತಿ ಬಿಡುವಾಗಿರುವಾಗ ಕೆಲಸವೇಕೆ ಸಾಗದು? ಯಂತ್ರವು ಸೋಮಾರಿಯೆ? ಅಥವಾ ಅಂಕಿ ಸುಳ್ಳೆ? ಇವೆರಡೂ ಅಲ್ಲ.

ಪ್ರೊಸೆಸರ್ ಎಂಬುದು ಗಣಕಯಂತ್ರದ ಆಜ್ಞೆಗಳನ್ನು ನೆರವೇರಿಸುವ ಅಂಗ. ಯಾವುದೇ ಕ್ಷಣದಲ್ಲಿ ಅದು ಒಂದೋ ದುಡಿಯುತ್ತಿರುತ್ತದೆ, ಇಲ್ಲವೇ ಬಿಡುವಾಗಿರುತ್ತದೆ; ಅರೆದುಡಿಮೆ ಎಂಬುದಿಲ್ಲ. ಒಂದು ಸೆಕೆಂಡಿನ ಹತ್ತು ಪಾಲಿನಲ್ಲಿ ನಾಲ್ಕು ಪಾಲು ಕಾಲ ದುಡಿದು ಆರು ಪಾಲು ಸುಮ್ಮನಿದ್ದರೆ ಅದನ್ನು ಶೇಕಡಾ 40 ಎಂದು ದಾಖಲಿಸುತ್ತಾರೆ. ಅಂದರೆ ಈ ಶೇಕಡಾ ಮೂಲತಃ ಕಾಲದ ಅಳತೆ, ಬಲದ ಅಳತೆಯಲ್ಲ.

1971ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು; ದುಡಿಯುವ ತಿರುಳು ಒಂದೇ. ಮುಂದಿನ ಮೂರು ದಶಕಗಳ ಕಾಲ ತಯಾರಕರು ಆ ಒಂದೇ ತಿರುಳಿನ ವೇಗವನ್ನು ಹೆಚ್ಚಿಸುತ್ತ ಹೋದರು. ವೇಗದೊಂದಿಗೆ ಶಾಖವೂ ಏರಿತು. 2004ರಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಡಬೇಕಾಯಿತು. ಒಂದೇ ಬಿಲ್ಲೆಯ ಮೇಲೆ ಎರಡು ತಿರುಳುಗಳನ್ನಿಡುವ ಉಪಾಯವನ್ನು ಐಬಿಎಂ ಸಂಸ್ಥೆಯು 2001ರಲ್ಲಿಯೇ ತನ್ನ ಪವರ್4 ಪ್ರೊಸೆಸರಿನಲ್ಲಿ ತೋರಿಸಿಕೊಟ್ಟಿತ್ತು. 2005ರಿಂದ ಅದು ಮೇಜಿನ ಮೇಲಿನ ಗಣಕಯಂತ್ರಗಳಿಗೂ ಬಂದಿತು. ಈ ತಿರುಳನ್ನೇ ಕೋರ್ ಎನ್ನುತ್ತಾರೆ.

ರೈತನೊಬ್ಬನ ಬಳಿ ನಾಲ್ಕು ಜೊತೆ ಎತ್ತುಗಳಿವೆ. ಆದರೆ ಅಂದು ಹೂಡಿರುವುದು ಒಂದೇ ನೇಗಿಲು. ಒಂದು ಜೊತೆ ಉಳುತ್ತಿದೆ, ಉಳಿದ ಮೂರು ಜೊತೆ ಮರದ ನೆರಳಿನಲ್ಲಿ ಮೆಲುಕು ಹಾಕುತ್ತಿವೆ. ಎತ್ತುಗಳಲ್ಲಿ ಕಾಲುಪಾಲು ಮಾತ್ರ ದುಡಿಯುತ್ತಿವೆ ಎಂದು ದಾರಿಹೋಕನು ಹೇಳಿದರೆ ತಪ್ಪಲ್ಲ. ಆದರೆ ನೊಗಕ್ಕೆ ಹೆಗಲು ಕೊಟ್ಟ ಜೊತೆಗೆ ಎಳ್ಳಷ್ಟೂ ಬಿಡುವಿಲ್ಲ. ಲೆಕ್ಕಪತ್ರದ ಕೆಲಸದ ಸ್ಥಿತಿಯೂ ಇದೇ. ನಾಲ್ಕು ಕೋರುಗಳ ಯಂತ್ರದಲ್ಲಿ ಒಂದು ಕೋರ್ ಪೂರ್ಣವಾಗಿ ದುಡಿದರೆ ಒಟ್ಟು ಲೆಕ್ಕದಲ್ಲಿ ಕಾಣುವುದು 25. ಹಣ ತೆತ್ತು, ಅದೇ ವೇಗದ ಎಂಟು ಕೋರುಗಳ ಯಂತ್ರವನ್ನು ತಂದರೂ ಆ ಕೆಲಸಕ್ಕೆ ಹಿಡಿಯುವ ಕಾಲ ಅಷ್ಟೇ; ತೆರೆಯ ಅಂಕಿ ಮಾತ್ರ 12.5ಕ್ಕೆ ಇಳಿಯುತ್ತದೆ! ಇನ್ನೊಂದು ತೊಡಕೂ ಉಂಟು. ಕಾರ್ಯಾಚರಣ ವ್ಯವಸ್ಥೆಯು ಒಂದೇ ಕೆಲಸವನ್ನು ಕ್ಷಣಕ್ಕೊಂದು ಕೋರಿಗೆ ವರ್ಗಾಯಿಸುತ್ತಿದ್ದರೆ ನಾಲ್ಕೂ ಕೋರುಗಳು ತಲಾ 25ರ ಆಸುಪಾಸಿನಲ್ಲಿ ನೆಮ್ಮದಿಯಾಗಿರುವಂತೆ ತೋರುತ್ತವೆ.

ಅಳೆಯುವ ಕ್ರಮವೂ ಎಲ್ಲೆಡೆ ಒಂದೇ ಅಲ್ಲ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಎಲ್ಲ ಕೋರುಗಳನ್ನೂ ಕೂಡಿಸಿ ನೂರೆಂದು ಎಣಿಸುತ್ತದೆ. ಲಿನಕ್ಸಿನ ಟಾಪ್ ಎಂಬ ಸಾಧನವು ಸಾಮಾನ್ಯವಾಗಿ ಪ್ರತಿಯೊಂದು ಕೋರನ್ನೂ ನೂರೆಂದು ಹಿಡಿದು ಕಾರ್ಯಕ್ರಮಗಳ ಬಳಕೆಯನ್ನು ತೋರಿಸುತ್ತದೆ. ಅಲ್ಲಿ ಶೇಕಡಾ 350 ಎಂಬ ಅಂಕಿಯನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಮೂರೂವರೆ ಕೋರುಗಳಷ್ಟು ದುಡಿಮೆ ನಡೆದಿದೆ ಎಂದಷ್ಟೇ ಅದರ ಅರ್ಥ.

ಹಾಗಾದರೆ ಕೆಲಸವನ್ನು ಎಲ್ಲ ಕೋರುಗಳಿಗೂ ಹಂಚಬಾರದೆ? ಹಂಚಬಹುದು, ಆದರೆ ಅದಕ್ಕೊಂದು ಮಿತಿಯಿದೆ. ಉಳದೆ ಬಿತ್ತಲಾಗದು, ಒಂದರ ಫಲಿತಾಂಶಕ್ಕಾಗಿ ಇನ್ನೊಂದು ಕಾಯಲೇಬೇಕಾದ ಹಂತಗಳು ಲೆಕ್ಕಾಚಾರದಲ್ಲಿಯೂ ಇರುತ್ತವೆ. ಅಮೆರಿಕದ ತಂತ್ರಜ್ಞ ಜೀನ್ ಆಮ್ಡಾಲ್ 1967ರಲ್ಲಿ ಈ ಮಿತಿಯನ್ನು ಎತ್ತಿ ತೋರಿಸಿದನು. ನೂರು ನಿಮಿಷಗಳ ಕೆಲಸದಲ್ಲಿ ಹತ್ತು ನಿಮಿಷದ ಭಾಗವನ್ನು ಹಂಚಲು ಬಾರದೆಂದಿಟ್ಟುಕೊಂಡರೆ, ನಾಲ್ಕು ಕೋರುಗಳು ಉಳಿದ ತೊಂಬತ್ತನ್ನು ಇಪ್ಪತ್ತೆರಡೂವರೆ ನಿಮಿಷಗಳಲ್ಲಿ ಮುಗಿಸುತ್ತವೆ. ಒಟ್ಟು ಮೂವತ್ತೆರಡೂವರೆ ನಿಮಿಷ. ಸಾವಿರ ಕೋರುಗಳನ್ನು ತಂದರೂ ಆ ಹತ್ತು ನಿಮಿಷಗಳು ಕರಗುವುದಿಲ್ಲ.

ಅಂಕಿ ಮೌನವಾಗಿ ಮರೆಮಾಚುವ ಸಂಗತಿ ಮತ್ತೊಂದಿದೆ. ಸ್ಮೃತಿಯಿಂದ ಮಾಹಿತಿ ಬರುವವರೆಗೆ ಕೋರ್ ತುಸು ಕಾಯಬೇಕಾಗುತ್ತದೆ. ಆ ಕಾಯುವಿಕೆಯೂ ದುಡಿಮೆಯ ಖಾತೆಗೇ ಸೇರುತ್ತದೆ. ಆದರೆ ಡಿಸ್ಕಿನಿಂದ ಮಾಹಿತಿ ಬರಬೇಕಾದಾಗ ಕಾರ್ಯಕ್ರಮವನ್ನು ಬದಿಗೆ ಸರಿಸಲಾಗುತ್ತದೆ. ಬೇರೆ ಕೆಲಸವಿಲ್ಲದಿದ್ದರೆ ಆ ಹೊತ್ತನ್ನು ಬಿಡುವೆಂದೇ ಎಣಿಸಲಾಗುತ್ತದೆ. ಆದುದರಿಂದ ಕೆಲಸ ಕುಂಟುತ್ತಿದ್ದು, ಕೋರುಗಳ ಮೊತ್ತ ಒಂದು ಕೋರಿನ ಪಾಲನ್ನೂ ಮುಟ್ಟದಿದ್ದರೆ ಪ್ರೊಸೆಸರನ್ನು ದೂರಿ ಫಲವಿಲ್ಲ. ಮೊದಲು ನೋಡಬೇಕಾದುದು ಡಿಸ್ಕನ್ನು ಮತ್ತು ಜಾಲಸಂಪರ್ಕವನ್ನು.