ನೆಗಡಿಯ ಸಿರಪ್: ಅಳತೆಯರಿತು ಬಳಸೋಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಹತ್ತಿ ಬಿಡಿಸುವ, ಜೋಳದ ರಾಶಿ ಮಾಡುವ ದಿನಗಳು ಬಂದವೆಂದರೆ ಸೀನು, ಮೂಗು ಕಟ್ಟುವಿಕೆ, ಕಣ್ಣುರಿ ಹಲವು ಮನೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಧೂಳು, ಪರಾಗ, ಒಲೆಯ ಹೊಗೆ ಇವುಗಳನ್ನು ಕೆಲವರ ದೇಹ ಸಹಿಸದು, ಇದೇ ಅಲರ್ಜಿ. ಆಗ ನಾವು ಔಷಧದ ಅಂಗಡಿಯಿಂದ ಬಾಟಲಿಯೊಂದನ್ನು ತರುತ್ತೇವೆ. ಕಳೆದ ವರ್ಷ ಉಳಿದುದನ್ನೇ ಹುಡುಕಿ ತೆಗೆಯುವುದೂ ಉಂಟು. ಸಿಹಿಯಾದ ಔಷಧದಿಂದ ಕೇಡಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಆ ನಂಬಿಕೆ ಸರಿಯಲ್ಲ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮು-ನೆಗಡಿಯ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡಗಳು ವಿಫಲವಾಗಿ ಅಸುನೀಗಿದರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರಾವಕ ಬೆರೆತಿತ್ತು. ಇಂಥ ಕಲಬೆರಕೆ ಕಣ್ಣಿಗಾಗಲಿ ನಾಲಿಗೆಗಾಗಲಿ ತಿಳಿಯುವುದಿಲ್ಲ. 2 ವರ್ಷದೊಳಗಿನ ಮಕ್ಕಳಿಗೆ ಈ ಔಷಧಗಳನ್ನು ಕೊಡಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರ ಆ ಅಕ್ಟೋಬರಿನಲ್ಲಿ ಸೂಚಿಸಿತು.

ಇಂಥ ಅನೇಕ ಸಿರಪ್‌ಗಳಲ್ಲಿ ಎರಡು ಔಷಧಗಳು ಜೊತೆಯಾಗಿರುತ್ತವೆ. ಕ್ಲೋರ್‌ಫೆನಿರಮೈನ್ ಸೀನನ್ನೂ ಮೂಗಿನ ಸೋರಿಕೆಯನ್ನೂ ತಗ್ಗಿಸುತ್ತದೆ, ಆದರೆ ನಿದ್ದೆ ತರುತ್ತದೆ. ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ರಕ್ತದೊತ್ತಡವನ್ನು ಏರಿಸಬಲ್ಲದು. ಇವೆರಡೂ ಕೂಡಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸುವಂತೆ 2023ರಲ್ಲಿ ಆದೇಶವಾಗಿದೆ.

ಬಳಸುವಾಗ ನಾವು ನೆನಪಿಡಬೇಕಾದವು:

1. ಅಡುಗೆಮನೆಯ ಚಮಚಗಳೆಲ್ಲ ಒಂದೇ ಅಳತೆಯವಲ್ಲ. 5 ಮಿ.ಲೀ. ಎಂದಿದ್ದಲ್ಲಿ 15 ಮಿ.ಲೀ. ಹಿಡಿಯುವ ದೊಡ್ಡ ಚಮಚದಿಂದ ಕುಡಿಸಿದರೆ ಮೂರು ಪಟ್ಟು ಔಷಧ ಹೊಟ್ಟೆ ಸೇರುತ್ತದೆ. ಬಾಟಲಿಯೊಡನೆ ಬಂದ ಅಳತೆಯ ಮುಚ್ಚಳವನ್ನೇ ಬಳಸಬೇಕು.

2. ಸಿರಪ್ ಜೊತೆಗೆ ನೆಗಡಿಯ ಮಾತ್ರೆಯನ್ನೂ ನುಂಗಿದರೆ ಒಂದೇ ಔಷಧ ಎರಡು ಸಲ ಸೇರಬಹುದು. ಪ್ಯಾರಾಸಿಟಮಾಲ್ ಎರಡರಲ್ಲಿಯೂ ಇದ್ದರೆ ಯಕೃತ್ತಿಗೆ ಅಪಾಯ.

3. ರಕ್ತದೊತ್ತಡ, ಹೃದ್ರೋಗ, ಥೈರಾಯ್ಡ್, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆಯುಳ್ಳವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಸೇವಿಸಬಾರದು. ಸಕ್ಕರೆ ಕಾಯಿಲೆಯವರು ಸಿರಪ್‌ನಲ್ಲಿರುವ ಸಕ್ಕರೆಯನ್ನೂ ಗಮನಿಸಬೇಕು.

4. ಔಷಧ ಕುಡಿದ ಬಳಿಕ ಟ್ರ್ಯಾಕ್ಟರ್, ಬೈಕ್ ಓಡಿಸುವುದು, ರಾಶಿಯಂತ್ರದ ಬಳಿ ನಿಲ್ಲುವುದು ಬೇಡ. ಮದ್ಯದೊಡನೆ ಮಂಪರು ಇನ್ನೂ ಹೆಚ್ಚುತ್ತದೆ. ಕಾಯಕ ದೊಡ್ಡದು ನಿಜ. ಒಂದು ದಿನದ ವಿಶ್ರಾಂತಿ ಅದಕ್ಕೆ ವಿರೋಧವಲ್ಲ.

5. ಅಳುವ ಮಗುವನ್ನು ಮಲಗಿಸಲು ಈ ಔಷಧವನ್ನು ಎಂದಿಗೂ ಕೊಡಬಾರದು.

6. ಪರವಾನಗಿಯುಳ್ಳ ಅಂಗಡಿಯಲ್ಲಿ ರಸೀದಿ ಪಡೆದು ಕೊಳ್ಳಬೇಕು. ಅವಧಿ ಮೀರಿದುದನ್ನು ಬಳಸಬಾರದು. ಬಾಟಲಿ ಮಕ್ಕಳ ಕೈಗೆ ಎಟುಕಬಾರದು.

ಬಹುತೇಕ ನೆಗಡಿ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮಗುವಿನ ಮೂಗು ಕಟ್ಟಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಹನಿ ಹಾಕಬಹುದು. ಒಂದು ವರ್ಷ ದಾಟಿದ ಮಗುವಿಗೆ ಕೆಮ್ಮಿದ್ದರೆ ಸ್ವಲ್ಪ ಜೇನು ಕೊಡಬಹುದು, ಅದಕ್ಕೂ ಚಿಕ್ಕ ಮಗುವಿಗೆ ಜೇನು ಸಲ್ಲದು. ಕಸ ಗುಡಿಸುವಾಗ, ರಾಶಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಔಷಧದ ಅಗತ್ಯವೇ ಎಷ್ಟೋ ಕಡಿಮೆಯಾಗುತ್ತದೆ.

ಮಗು ವೇಗವಾಗಿ ಉಸಿರಾಡಿದರೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಔಷಧದ ನಂತರ ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕುಡಿಸಿದ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು. ಕೊಟ್ಟದ್ದೇನು, ಎಷ್ಟು ಎಂಬುದು ವೈದ್ಯರಿಗೆ ತಿಳಿದರೆ ಚಿಕಿತ್ಸೆ ತಡವಾಗದು.